ರಾತ್ರಿ ಬಾಯಿಗೆ ಟೇಪ್ ಹಾಕಿ ಮಲಗುವುದು: ಮಾಡಿದವರು ಅನುಭವ ಹಂಚಿಕೊಳ್ಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 44. ಬಾಯಿ ಬಿಟ್ಟುಕೊಂಡೇ ನಿದ್ದೆ ಮಾಡ್ತಾರೆ. ಬೆಳಗ್ಗೆ ಗಂಟಲು ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತೆ. ಗೊರಕೆ ಇದೆ. ಬಾಯಿಗೆ ಟೇಪ್ ಹಾಕಿದರೆ ಮೂಗಲ್ಲೇ ಉಸಿರಾಡೋದು ರೂಢಿಯಾಗುತ್ತೆ ಅಂತ ಹಟ ಹಿಡಿದಿದ್ದಾರೆ. ದಪ್ಪ ಮೀಸೆ ಇದೆ, ಅದನ್ನು ತೆಗೆಯಲ್ಲ. ಯಾವ ಟೇಪ್, ಹೇಗೆ ಹಾಕಬೇಕು, ಎಷ್ಟು ಖರ್ಚು?

ಮೂಗಿನುಸಿರು:
ಮೇಡಂ, ಎರಡು ವರ್ಷದಿಂದ ಹಾಕುತ್ತಿದ್ದೇನೆ, ಬಿಡುವ ಮಾತೇ ಇಲ್ಲ. ಬೇಕಿರುವುದು ಮೆಡಿಕಲ್ ಶಾಪ್‌ನ ಒಂದಿಂಚು ಅಗಲದ ಕಾಗದದ ಟೇಪ್, ಅಂದರೆ ಮೈಕ್ರೋಪೋರ್ ಬಗೆಯದು. ಒಂದು ರೋಲ್ 9.1 ಮೀಟರ್, ರಾತ್ರಿಗೆ 6 ಸೆಂ.ಮೀ. ಲೆಕ್ಕದಲ್ಲಿ 150 ರಾತ್ರಿ ಬರುತ್ತದೆ. ನಾನು ಕೊಡುವುದು ರೋಲಿಗೆ 100 ರೂಪಾಯಿ, ರಾತ್ರಿಗೆ 70 ಪೈಸೆಯೂ ಆಗಲಿಲ್ಲ. ತುಟಿಯ ಆಕಾರದಲ್ಲಿ ಕತ್ತರಿಸಿ ಡಬ್ಬಿಯಲ್ಲಿ ಬರುವ ಪಟ್ಟಿಗೆ 30ಕ್ಕೆ 450 ರೂಪಾಯಿ ಕೊಟ್ಟಿದ್ದೆ, ಅಂದರೆ ರಾತ್ರಿಗೆ 15. ಕೆಲಸ ಎರಡರದ್ದೂ ಒಂದೇ.

ಗಾಯಕ್ಕೆ ಬ್ಯಾಂಡೇಜ್ ಬಿಗಿಯಲು ಬಳಸುವ ಜಿಂಕ್ ಆಕ್ಸೈಡ್ ಬಟ್ಟೆ ಟೇಪ್ ಮಾತ್ರ ಬೇಡ. ಅದರ ಅಂಟು ತುಟಿಯ ಸಿಪ್ಪೆಯನ್ನೇ ಎಬ್ಬಿಸುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಟೇಪ್ ಬೆವರಿಗೆ ಜಾರುತ್ತದೆ.

ಮುಖ ತೊಳೆದು ಪೂರ್ತಿ ಒರೆಸಿ, ಕ್ರೀಮ್ ಹಚ್ಚಬೇಡಿ. ಟೇಪನ್ನು ಮೊದಲು ಮುಂಗೈಗೆ ಎರಡು ಸಲ ಅಂಟಿಸಿ ಕಿತ್ತರೆ ಅಂಟಿನ ಬಿಗಿ ಇಳಿಯುತ್ತದೆ. ಎರಡೂ ತುದಿಯನ್ನು ಅರ್ಧ ಸೆಂಟಿಮೀಟರ್ ಒಳಕ್ಕೆ ಮಡಚಿ, ಕತ್ತಲಲ್ಲೂ ಹಿಡಿದು ಎಳೆಯಲು ಸಿಗಬೇಕು. ಅಡ್ಡ ಬೇಡ, ಮೂಗಿನ ಕೆಳಗಿನಿಂದ ಗಲ್ಲದವರೆಗೆ ಉದ್ದಕ್ಕೆ ಒಂದೇ ಪಟ್ಟಿ. ಬಾಯಿಯ ಎರಡು ಮೂಲೆ ತೆರೆದೇ ಇರುತ್ತದೆ, ಕೆಮ್ಮು ಬಂದರೂ ಗಾಳಿ ಆಡುತ್ತದೆ. ಮೊದಲ ವಾರ ಹಗಲಲ್ಲಿ ಅರ್ಧ ಗಂಟೆ, ಆಮೇಲೆ ಮಧ್ಯಾಹ್ನದ ನಿದ್ದೆಗೆ, ಆಮೇಲಷ್ಟೇ ರಾತ್ರಿಗೆ.

ನಡುರಾತ್ರಿ ಬಿದ್ದುಹೋಗುವುದಕ್ಕೆ ಕಾರಣ ಜೊಲ್ಲು. ಮಗ್ಗುಲಲ್ಲಿ ಮಲಗುವವರಿಗೆ ಕಾಗದ ನೆನೆದು ಬಿಡುತ್ತದೆ. ಹಾಗೆಂದು ಗಟ್ಟಿ ಟೇಪಿಗೆ ಹೋಗಬೇಡಿ.

ಸಿ-ಪ್ಯಾಪ್ 31:
ಗೊರಕೆ ಇದೆ ಅಂತ ಅವರು ಬರೆದಿದ್ದನ್ನು ಓದಿಯೂ ನೇರ ಟೇಪ್ ಅಳತೆಗೆ ಹೋಗಿದ್ದೀರಲ್ಲ ಸರ್, ಇದು ಸರಿಯಲ್ಲ. ನನ್ನ ಹೆಸರಿನ ಮುಂದಿನ 31 ಏನು ಗೊತ್ತೇ? ನಿದ್ದೆಯಲ್ಲಿ ಗಂಟೆಗೆ 31 ಸಲ ಉಸಿರು ನಿಲ್ಲುವುದು ಅಥವಾ ಕುಗ್ಗುವುದು. ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅಂತಾರೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟಲು ಮುಚ್ಚಿಕೊಂಡಾಗ ದೇಹ ಬಾಯಿ ತೆರೆದು ಗಾಳಿ ಎಳೆಯುತ್ತದೆ. ಆ ದಾರಿಗೂ ಬೀಗ ಹಾಕಿದರೆ ಗೊರಕೆಯ ಸದ್ದು ನಿಲ್ಲಬಹುದು, ಕಾಯಿಲೆ ಒಳಗೇ ಉಳಿಯುತ್ತದೆ.

ಖರ್ಚು ಕೇಳಿದ್ದೀರಿ, ಪೈಸೆ ಪೈಸೆ ಹೇಳ್ತೀನಿ. ಇದನ್ನು ಪತ್ತೆಮಾಡುವ ನಿದ್ದೆಯ ಪರೀಕ್ಷೆ (ಸ್ಲೀಪ್ ಸ್ಟಡಿ), ಮನೆಗೇ ತಂದು ಕಟ್ಟುವುದು 5,500. ಅದರಲ್ಲಿ ಬೆರಳಿನ ತಂತಿ ಕಳಚಿ ಅರ್ಧ ರಾತ್ರಿಯ ದಾಖಲೆ ಹೋಯಿತು, ಆಮೇಲೆ ಲ್ಯಾಬಿನಲ್ಲಿ ಮಲಗಿ ಪೂರ್ತಿ ಪರೀಕ್ಷೆ 12,000. ಸಿ-ಪ್ಯಾಪ್ ಅಂದರೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದಿ ಗಂಟಲು ತೆರೆದಿಡುವ ಯಂತ್ರ; ತಾನೇ ಒತ್ತಡ ಹೊಂದಿಸಿಕೊಳ್ಳುವ ಬಗೆಯದು 48,000. ಮೂಗಿನ ಮಾಸ್ಕ್ 6,500. ಅದರ ಸಿಲಿಕಾನ್ ಕುಶನ್ ಆರು ತಿಂಗಳಿಗೆ ಸಡಿಲವಾಗುತ್ತದೆ, 2,200. ಮೇಲೆ ಫಿಲ್ಟರ್, ತೇವಾಂಶದ ತೊಟ್ಟಿಗೆ ಡಿಸ್ಟಿಲ್ಡ್ ನೀರು. ಬೋರ್‌ವೆಲ್ ನೀರು ಹಾಕಿ ತೊಟ್ಟಿಯ ತಳದಲ್ಲಿ ಬಿಳಿ ಸುಣ್ಣ ಕಟ್ಟಿ ಒಂದು ತೊಟ್ಟಿ ಹಾಳಾಯಿತು, 3,400.

ತೈವಾನಿನಲ್ಲಿ 2022ರ ಪ್ರಯೋಗದಲ್ಲಿ ಬಾಯಿಗೆ ಟೇಪ್ ಹಾಕಿದಾಗ ಗಂಟೆಯ ಎಣಿಕೆ 8.3ರಿಂದ 4.7ಕ್ಕೆ ಇಳಿಯಿತು, ನಿಜ. ಅದು 20 ಜನರ ಮೇಲೆ, ಎಲ್ಲರದ್ದೂ ಸೌಮ್ಯ ಕಾಯಿಲೆ. 2024ರಲ್ಲಿ ಬಾಸ್ಟನ್‌ನ ವೈದ್ಯರು 54 ಜನರ ಬಾಯಿ ಮುಚ್ಚಿಸಿ ಅಳೆದಾಗ, ಬಾಯಿಯ ಉಸಿರನ್ನೇ ಹೆಚ್ಚು ನೆಚ್ಚಿಕೊಂಡವರಿಗೆ ಗಾಳಿ ಇನ್ನೂ ಕಡಿಮೆಯಾಯಿತು. ನಿಮ್ಮ ಮನೆಯವರು ಯಾವ ಗುಂಪು ಅಂತ ಪರೀಕ್ಷೆ ಇಲ್ಲದೆ ಹೇಗೆ ಹೇಳ್ತೀರಿ?

ಹಗಲಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ 98 ತೋರಿಸ್ತು ಅನ್ನೋದು ಪರೀಕ್ಷೆಯಲ್ಲ. ಅದು ಎಚ್ಚರದಲ್ಲಿರುವಾಗಿನ ಅಂಕಿ.

ಮೂಗಿನುಸಿರು:
ಟೇಪ್ ಕೇಳಿದವರಿಗೆ ಟೇಪ್ ಹೇಳಿದೆ. ಗೊರಕೆ ಹೊಡೆಯುವವರಿಗೆಲ್ಲ ಅರವತ್ತು ಎಪ್ಪತ್ತು ಸಾವಿರದ ದಾರಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮಂಥ ಯಂತ್ರದವರೇ ಬಾಯಿಂದ ಗಾಳಿ ಸೋರುತ್ತದೆ ಅಂತ ಟೇಪ್ ಹಾಕಿಕೊಳ್ಳುವುದಿಲ್ಲವೇ?

ಸಿ-ಪ್ಯಾಪ್ 31:
ಹಾಕುತ್ತೇನೆ. ಮುಚ್ಚಿಟ್ಟಿಲ್ಲ. ಮೂಗಿನ ಮಾಸ್ಕಿಗೆ ಬಾಯಿ ತೆರೆದರೆ ಗಾಳಿ ಸೋರಿ ಒತ್ತಡ ನಿಲ್ಲಲ್ಲ. ನನ್ನ ಯಂತ್ರದಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಕೆಂಪು ಮುಖ ತೋರಿಸುತ್ತೆ. ಗಲ್ಲದ ಪಟ್ಟಿ ಕಟ್ಟಿ ನೋಡಿದೆ, ಅದು ದವಡೆಯನ್ನು ಹಿಂದಕ್ಕೆ ಎಳೆದು ನಾಲಿಗೆಯನ್ನೂ ಹಿಂದೆ ತಳ್ಳಿತು, ಎಣಿಕೆ ಏರಿತು. ಆಮೇಲೆ ಟೇಪ್. ಆದರೆ ಅಲ್ಲಿ ಗಂಟಲನ್ನು ತೆರೆದಿಡಲು ಒತ್ತಡದ ಗಾಳಿ ಇದೆ, ಬೆಳಗ್ಗೆ ನೋಡಲು ಅಂಕಿ ಇದೆ. ಬರೀ ಟೇಪಿಗೆ ಎರಡೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹುಬ್ಬಳ್ಳಿ ಮಂದಿ:
ಇಬ್ಬರೂ ಜಗಳಾಡಾಕತ್ತೀರಿ, ಮೂಗಿನ ಸುದ್ದಿ ಯಾರೂ ತಗೀಲಿಲ್ಲ. ಮೂಗಿನ್ಯಾಗ ಹಾದಿನ ಇಲ್ಲಂದ್ರ ಬಾಯಿ ಮುಚ್ಚಿ ಏನ್ ಮಾಡ್ತೀರಿ?

ಅಕ್ಕಾರ, ಮೊದಲ ಇದನ್ನ ನೋಡ್ರಿ. ತಣ್ಣನ ಸ್ಟೀಲ್ ತಾಟು ಮೂಗಿನ ಕೆಳಗ ಹಿಡಿದು ಉಸಿರು ಬಿಡಸ್ರಿ. ಎರಡೂ ಹೊಳ್ಳಿಯ ಮಂಜು ಸಮ ಬರತೈತೇನು? ಒಮ್ಮಿ ಎಡಕ್ಕ, ಕೆಲವು ತಾಸಿನ ಮ್ಯಾಲೆ ಬಲಕ್ಕ ಕಡಿಮಿ ಆದ್ರ ಚಿಂತಿಲ್ಲ, ಮೂಗು ಪಾಳಿ ಬದಲಸೂದು ಸಹಜ. ಯಾವಾಗ್ಲೂ ಒಂದ ಕಡೆ ಕಟ್ಟಿದ್ರ ನಡುಗೋಡಿ ಡೊಂಕ ಇರಬಹುದು. ಆಮ್ಯಾಲೆ ಕೆನ್ನಿ ಚರ್ಮ ಎರಡು ಬೆರಳಿಂದ ಹೊರಗ ಎಳೀರಿ. ಆಗ ಗಾಳಿ ಸರಳ ಆಡಿದ್ರ ಹೊಳ್ಳಿಯ ಬಾಗಲದಾಗ ಇಕ್ಕಟ್ಟು ಐತಿ, ಮೂಗಿನ ಮ್ಯಾಲೆ ಅಂಟಿಸೋ ಪಟ್ಟಿ ಅಂಥವರಿಗೆ ಕೆಲಸ ಕೊಡತೈತಿ. ಕಡೀಕ ಬಾಯಿ ಮುಚ್ಚಿ ಕುಂತು 3 ನಿಮಿಷ ಮೂಗಿಲೆ ಉಸಿರಾಡಸ್ರಿ. ಎಚ್ಚರ ಇದ್ದಾಗ 3 ನಿಮಿಷ ಆಗದವರಿಗೆ ನಿದ್ದ್ಯಾಗ 7 ತಾಸು ಹ್ಯಾಂಗ ಆಗತೈತಿ?

ನಂದು ಡೊಂಕ ಗೋಡಿ, ಮ್ಯಾಲೆ ಟರ್ಬಿನೇಟ್, ಅಂದ್ರ ಮೂಗಿನ ಒಳಗಿನ ಪಕ್ಕದ ಉಬ್ಬು, ಊದಿತ್ತು. ಎರಡೂ ಕೂಡಿ ಆಪರೇಷನ್ 85,000. ವಿಮಾದವರು 61,000 ಕೊಟ್ಟರು, ಉಳಿದದ್ದು ಕಿಸೆದಿಂದ. ಗೋಡಿಗೆ ಆಸರಕ್ಕ ಒಳಗ ಇಟ್ಟ ಸ್ಪ್ಲಿಂಟ್ ಪಟ್ಟಿ ಒಂದು ವಾರ, ಹಕ್ಕಳಿ ಒಂದು ತಿಂಗಳು, ದಿನಾ ಉಪ್ಪುನೀರು. ಗೋಡಿ ನೆಟ್ಟಗಾತು, ಅಲರ್ಜಿ ಹೋಗಲಿಲ್ಲ, ಟರ್ಬಿನೇಟ್ ಮತ್ತ ಊದತೈತಿ. ಅದಕ್ಕ ಈಗೂ ಸ್ಟೀರಾಯ್ಡ್ ಸ್ಪ್ರೇ ಹೊಡೀತೀನಿ.

ಸ್ಪ್ರೇ ಹೊಡಿಯೋದ್ರಾಗ ಭಾಳ ಮಂದಿ ತಪ್ಪು ಮಾಡ್ತಾರ. ಬಲಗೈಲೆ ಎಡ ಹೊಳ್ಳಿ, ಎಡಗೈಲೆ ಬಲ ಹೊಳ್ಳಿ, ಮೂತಿ ಕಿವಿ ಕಡೆ ಇರಬೇಕು. ನಡುಗೋಡಿಗೆ ಹೊಡದ್ರ ರಕ್ತ ಬರತೈತಿ. ಜೋರಾಗಿ ಸೇದಬ್ಯಾಡ್ರಿ, ಔಷಧ ಗಂಟಲಕ್ಕ ಹೋಗತೈತಿ. ಪೂರ್ತಿ ಗುಣ ಕಾಣಾಕ ಒಂದೆರಡು ವಾರ ಬೇಕು. ಮೂಗು ತಟ್ಟನೆ ಬಿಡಸೋ ಹನಿ, ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಜಾತಿದು, 5 ದಿನದ ಮ್ಯಾಲೆ ಬ್ಯಾಡ. ಬಿಟ್ಟ ಕೂಡ್ಲೆ ಮೊದಲಿಗಿಂತ ಜಾಸ್ತಿ ಕಟ್ಟತೈತಿ. ಟೇಪ್ ಹಚ್ಚಾಕ ಮೂಗು ಬಿಡಬೇಕಂತ ದಿನಾ ಆ ಹನಿ ಹಾಕೋರು ಅದಾರ, ಅದರ ಸಲುವಾಗಿ ನನಗ ಸಿಟ್ಟು.

ಮೂಗಿನುಸಿರು:
ಅದಕ್ಕೇ ಜಲನೇತಿ, ಅಂದರೆ ಮೂಗಿಗೆ ಉಪ್ಪುನೀರು ಹಾಯಿಸಿ ತೊಳೆಯುವುದು, ಇರುವುದು. ಹನಿಯೂ ಬೇಡ, ಕತ್ತರಿಯೂ ಬೇಡ. ದಿನಾ ಬೆಳಗ್ಗೆ ಒಂದು ಲೋಟ ನಲ್ಲಿ ನೀರು, ಚಿಟಿಕೆ ಉಪ್ಪು.

ಉಡುಪಿ ದಂತವೈದ್ಯೆ:
ನಲ್ಲಿ ನೀರು ಖಂಡಿತ ಬೇಡ. ಇದನ್ನು ಅಳಿಸಿ ಸರ್, ಯಾರಾದರೂ ಹಾಗೇ ಮಾಡಿಯಾರು. ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಸೋಂಕು 2025ರಲ್ಲೂ ಜೀವ ತೆಗೆದಿದೆ, ಅದು ಒಳಗೆ ಹೋಗುವುದೇ ಮೂಗಿನಿಂದ. ನೀರನ್ನು ಮರಳುವ ತನಕ ಕಾಯಿಸಿ, ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿ. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಪುಡಿ ಉಪ್ಪು, ಮಟ್ಟಸ ಮುಕ್ಕಾಲು ಟೀ ಚಮಚ. ಚಿಟಿಕೆ ಸಾಲದು, ಕಡಿಮೆಯಾದರೆ ಮೂಗು ಉರಿಯುತ್ತದೆ. ಮಲಗುವ ಹೊತ್ತಿಗೆ ತೊಳೆಯಬೇಡಿ, ಸೈನಸ್ಸಿನಲ್ಲಿ ನಿಂತ ನೀರು ದಿಂಬಿಗೆ ತಲೆ ಇಟ್ಟ ಮೇಲೆ ಇಳಿಯುತ್ತದೆ. ಎರಡು ಗಂಟೆ ಮುಂಚೆ ಮುಗಿಸಿ, ಸ್ಪ್ರೇ ಇದ್ದರೆ ತೊಳೆದ ಮೇಲೆ ಹೊಡೆಯಿರಿ.

ಬಾಯಿ ಒಣಗುವುದಕ್ಕೆ ಬಾಯುಸಿರು ಒಂದೇ ಕಾರಣ ಅಲ್ಲ. ಅಲರ್ಜಿ ಮಾತ್ರೆ, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವೂ ಜೊಲ್ಲು ಬತ್ತಿಸುತ್ತವೆ. ಇವುಗಳಿಗೆ ಟೇಪ್ ಪರಿಹಾರವಲ್ಲ. ಬಾಯಿಯುಸಿರಿನವರಲ್ಲಿ ಮುಂದಿನ ಮೇಲುಹಲ್ಲಿನ ವಸಡು ಕೆಂಪಾಗಿ ಊದಿ ಹೊಳೆಯುತ್ತದೆ, ಕನ್ನಡಿಯಲ್ಲೇ ಕಾಣುತ್ತದೆ. ಒಮ್ಮೆ ತುಟಿ ಎತ್ತಿ ನೋಡಿ.

ಟೇಪ್ ಹಾಕಲೇಬಾರದ ರಾತ್ರಿಗಳು ಇವೆ: ಕುಡಿದಿದ್ದರೆ, ನಿದ್ದೆ ಮಾತ್ರೆ ತೆಗೆದುಕೊಂಡಿದ್ದರೆ, ಶೀತ ಆಗಿದ್ದರೆ, ಹುಳಿತೇಗು ಅಥವಾ ವಾಂತಿ ಬರುವಂತಿದ್ದರೆ. ವಾಂತಿ ಹೊರಗೆ ಬರದೆ ಶ್ವಾಸಕೋಶಕ್ಕೆ ಹೋಗಬಹುದು. ಮೂರ್ಛೆರೋಗ ಇರುವವರಿಗೆ ಎಂದೂ ಬೇಡ. ಮಕ್ಕಳಿಗೆ ಬೇಡವೇ ಬೇಡ. ಮಗು ಬಾಯಿ ತೆರೆದು ಮಲಗಿದರೆ ಮೂಗಿನ ಹಿಂದಿನ ಅಡಿನಾಯ್ಡ್ ಗಂಟು ಊದಿದೆಯೇ ಎಂದು ಇ.ಎನ್.ಟಿ.ಗೆ ತೋರಿಸಬೇಕು.

ಎಡಿಸನ್ ಕನ್ನಡಿಗ:
ನ್ಯೂಜೆರ್ಸಿಯಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಕೋಣೆಯ ತೇವಾಂಶ ಶೇ. 20ಕ್ಕೆ ಇಳಿಯುತ್ತೆ. 12 ಡಾಲರಿನ ತೇವಮಾಪಕ ಇಟ್ಟು ನೋಡಿದ ಮೇಲೆ ಗೊತ್ತಾಗಿದ್ದು. ಮೂಗಿನಲ್ಲಿ ಹಕ್ಕಳೆ ಕಟ್ಟುತ್ತೆ, ಉಸಿರು ತಾನಾಗಿ ಬಾಯಿಗೆ ಬರುತ್ತೆ. ಹ್ಯುಮಿಡಿಫೈಯರ್ ಇಟ್ಟು ಶೇ. 40ಕ್ಕೆ ತಂದಮೇಲೆ ಟೇಪಿನ ಅಗತ್ಯ ಅರ್ಧ ಇಳಿಯಿತು. ಶೇ. 50 ದಾಟಿಸಬೇಡಿ, ಹಾಸಿಗೆಯಲ್ಲಿ ಧೂಳುಹುಳ ಹೆಚ್ಚುತ್ತೆ, ಅದರ ಅಲರ್ಜಿಗೆ ಮತ್ತೆ ಮೂಗು ಕಟ್ಟುತ್ತೆ.

ಕಾಗದದ ಟೇಪಿಗೆ ತುಟಿಯ ಸುತ್ತ ಕೆಂಪು ಗುಳ್ಳೆ ಬಂದರೆ ಸಿಲಿಕಾನ್ ಅಂಟಿನ ಟೇಪಿಗೆ ಬದಲಾಯಿಸಿ. ಬೆಲೆ ಜಾಸ್ತಿ, ಆದರೆ ಚರ್ಮ ಕೀಳಲ್ಲ, ಎತ್ತಿ ಮತ್ತೆ ಅಂಟಿಸಬಹುದು.

ಇನ್ನೊಂದು. ಜೈಪುರದ ವೈದ್ಯರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷ, ವಾರಕ್ಕೆ 5 ದಿನ ಶಂಖ ಊದಿದವರಿಗೆ ಆರು ತಿಂಗಳಲ್ಲಿ ಗಂಟೆಯ ಎಣಿಕೆ ನಾಲ್ಕೈದು ಇಳಿಯಿತು. ಗಂಟಲಿನ ಸ್ನಾಯು ಗಟ್ಟಿಯಾಗುತ್ತೆ. ಯಂತ್ರ, ಟೇಪ್ ಅಂತ ಹೊಡೆದಾಡೋ ಬದಲು ಶಂಖ ಊದಬಹುದಲ್ಲ?

ಸಿ-ಪ್ಯಾಪ್ 31:
ಒಟ್ಟು 30 ಜನರ ಪ್ರಯೋಗ, ಶಂಖ ಊದಿದವರು 16. ಇಳಿದದ್ದು ನಾಲ್ಕೈದು. 31ರಲ್ಲಿ ಐದು ಕಳೆದರೆ 26, ಆಗಲೂ ಮಧ್ಯಮ ಕಾಯಿಲೆ. ಯಂತ್ರದಲ್ಲಿ ನನ್ನದು 2. ಇದನ್ನು ಓದಿ ಯಾರಾದರೂ ಯಂತ್ರ ಮೂಲೆಗಿಟ್ಟರೆ ಹೊಣೆ ಯಾರು?

ಎಡಿಸನ್ ಕನ್ನಡಿಗ:
ಯಂತ್ರ ಬಿಡಿ ಅಂತ ನಾನು ಎಲ್ಲಿ ಬರೆದೆ? ಬರೆಯದ್ದನ್ನು ಓದಬೇಡಿ.

ಮೂಗಿನುಸಿರು:
ನಲ್ಲಿ ನೀರಿನ ಮಾತು ನನ್ನ ತಪ್ಪು, ವಾಪಸ್ ತೆಗೆದುಕೊಂಡೆ. ಶಂಖ ಒಗ್ಗದಿದ್ದರೆ ಭ್ರಾಮರಿ ಪ್ರಾಣಾಯಾಮ ಮಾಡಿ. ಬಾಯಿ ಮುಚ್ಚಿ ಗುಂಯ್‌ಗುಟ್ಟಿದಾಗ ಮೂಗಿನ ನೈಟ್ರಿಕ್ ಆಕ್ಸೈಡ್ (ರಕ್ತನಾಳ ಹಿಗ್ಗಿಸುವ ಅನಿಲ) 15 ಪಟ್ಟು ಏರುವುದನ್ನು ಸ್ವೀಡನ್ನಿನವರು 2002ರಲ್ಲೇ ಅಳೆದಿದ್ದಾರೆ. ಟೇಪಿನ ಪರ ನಾನು ನಿಲ್ಲುವುದೂ ಅದಕ್ಕೇ. ಆ ಅನಿಲ ಹುಟ್ಟುವುದು ಸೈನಸ್ಸಿನಲ್ಲಿ, ಬಾಯುಸಿರಿನವರಿಗೆ ಅದರ ಪಾಲು ಸಿಗುವುದಿಲ್ಲ.

ಹುಬ್ಬಳ್ಳಿ ಮಂದಿ:
ಗುಂಯ್‌ಗುಟ್ಟಿದ್ರ ಡೊಂಕ ಗೋಡಿ ನೆಟ್ಟಗಾಗೂದಿಲ್ರಿ.

ತುಂಗಾತೀರ:
ಎಲ್ಲ ಓದಿದೆ. ತಾಟಿನ ಪರೀಕ್ಷೆ ಮಾಡಿಸಿದೆ, ಎರಡೂ ಕಡೆ ಸಮ ಇದೆ, ಮೂರು ನಿಮಿಷವೂ ಆಯಿತು. ಸ್ಲೀಪ್ ಸ್ಟಡಿಗೆ ಸೋಮವಾರ ಹೋಗ್ತಿದ್ದೀವಿ. ಆದರೆ ಮೀಸೆ ಬಗ್ಗೆ ಯಾರೂ ಹೇಳಲಿಲ್ಲ.

ಮಂಡ್ಯ ಮೀಸೆ:
ನಾನು ಹೇಳ್ತೀನಿ ಅಕ್ಕ. ಉದ್ದಕ್ಕೆ ಹಾಕೋ ಪಟ್ಟಿ ಮೀಸೆಯೋರಿಗೆ ಆಗಕ್ಕಿಲ್ಲ. ಕೂದಲ ಮೇಲೆ ಕೂತ ಟೇಪು ಒಂದು ಗಂಟೇಲಿ ಏಳ್ತದೆ, ಏಳದಿದ್ರೆ ಬೆಳಗ್ಗೆ ಕೂದಲು ಕೀಳ್ತದೆ. ಅಡ್ಡಕ್ಕೇ ಹಾಕ್ಬೇಕು. ಅರ್ಧ ಇಂಚು ಅಗಲದ ಟೇಪು, 11 ಸೆಂ.ಮೀ. ಉದ್ದ. ನಡುಭಾಗ ತುಟಿ ಮೇಲೆ, ಎರಡು ತುದಿ ಬೋಳಿಸಿದ ಕೆನ್ನೆ ಮೇಲೆ. ಹಿಡಿತ ಎಲ್ಲಾ ಕೆನ್ನೇದೇ, ಅದಕ್ಕೆ ಅವತ್ತೇ ಶೇವ್ ಆಗಿರ್ಬೇಕು, ಆಫ್ಟರ್‌ಶೇವ್ ಹಚ್ಚಿರಬಾರ್ದು.

ಅಡ್ಡ ಹಾಕಿದ್ರೆ ಬಾಯಿ ಮೂಲೆ ಮುಚ್ಚೋಯ್ತದೆ. ಅದಕ್ಕೆ ಪಟ್ಟಿಯ ನಡುಭಾಗ ಉದ್ದಕ್ಕೆ ಮಡಚಿ, ಮಡಿಕೆ ಮೇಲೆ ಕತ್ತರಿಯಿಂದ ಒಂದು ಸೆಂ.ಮೀ. ಸೀಳಿ. ಬಿಚ್ಚಿದಾಗ ಆ ಸೀಳು ಎರಡು ತುಟಿ ಸೇರೋ ಜಾಗಕ್ಕೆ ಬರ್ಬೇಕು. ಈ ಸೀಳಿಲ್ದೆ ಅಡ್ಡ ಪಟ್ಟಿ ಹಾಕ್ಲೇಬೇಡಿ. ಮೀಸೆ ಪೂರ್ತಿ ತೆಗೀಬೇಕಾಗಿಲ್ಲ, ತುಟಿ ಮೇಲೆ ಇಳಿಬಿದ್ದ ಸಾಲನ್ನ 3 ಮಿ.ಮೀ. ಮಟ್ಟಸ ಮಾಡಿದ್ರೆ ಸಾಕು.

ಬೆಳಗ್ಗೆ ಒಣಗಿದ ಟೇಪು ಎಳೀಬಾರ್ದು. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒಂದು ನಿಮಿಷ ಒತ್ತಿ, ಎರಡೂ ತುದಿಯಿಂದ ನಡುವಿಗೆ ಚರ್ಮಕ್ಕೆ ತಾಗಿದಂಗೆ ಮಡಚ್ತಾ ಬನ್ನಿ. ಮೇಲಕ್ಕೆ ಎತ್ತಬೇಡಿ. ಮೀಸೆಗೆ ಅಂಟು ಹತ್ತಿದ್ರೆ ಸೋಪಿಂದ ಹೋಗಕ್ಕಿಲ್ಲ, ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಸಣ್ಣ ಹಲ್ಲಿನ ಬಾಚಣಿಗೇಲಿ ಬಾಚಿ. ಎಣ್ಣೆ ರಾತ್ರಿ ಹೊತ್ತು ಬೇಡ, ಒಂದು ಹನಿ ಕೆನ್ನೆಗೆ ಇಳಿದ್ರೂ ಟೇಪು ನಿಲ್ಲಕ್ಕಿಲ್ಲ.