ದಿನಾ ಸೊಂಟದಲ್ಲಿರೋಕೆ ಯಾವುದು: .32 ರಿವಾಲ್ವರಾ, ಪಿಸ್ತೂಲಾ?

ಪಾಂಡವಪುರದ ರೈತ: ಡಿಸಿ ಆಫೀಸಿಂದ ಆತ್ಮರಕ್ಷಣೆಗೆ ಹ್ಯಾಂಡ್‌ಗನ್ ಲೈಸೆನ್ಸ್ ಮಂಜೂರಾಗಿದೆ. ಆಲೆಮನೆ, ಮಂಡಿ ವ್ಯವಹಾರ. ರಾತ್ರಿ ದುಡ್ಡಿಟ್ಕೊಂಡು ಬೈಕಲ್ಲಿ ಓಡಾಟ. 9 ಎಂಎಂ ನಿಷೇಧಿತ ಬೋರ್ (ಸಾಮಾನ್ಯರಿಗೆ ಕೊಡದ ನಳಿಗೆ ಅಳತೆ), ಹಾಗಾಗಿ .32ರಲ್ಲೇ ಆರಿಸೋಣ ಅಂತ. ಅಶನಿ ಪಿಸ್ತೂಲೋ, ನಿರ್ಭೀಕ್ ರಿವಾಲ್ವರೋ? ತಿಳಿದೋರು ಹೇಳಿ.

ಸಿಲಿಂಡರ್_6: ರಿವಾಲ್ವರ್ ತಗೊಳಿ ಅಣ್ಣ, ಯೋಚನೆನೇ ಬೇಡ. ಒಂದು ತೋಟಾ ಠುಸ್ ಅಂದ್ರೆ ಟ್ರಿಗರ್ ಇನ್ನೊಂದ್ಸಲ ಎಳೀರಿ, ಮುಂದಿನದು ತಾನೇ ತಿರುಗಿ ಬರುತ್ತೆ. ಪಿಸ್ತೂಲಾದ್ರೆ ಸ್ಲೈಡ್ (ಮೇಲಿನ ಜಾರೋ ಭಾಗ) ಎಳೆಯೋಕೆ ಎರಡೂ ಕೈ ಬೇಕು. ನಿರ್ಭೀಕ್ ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ. ಉಕ್ಕಿನ ಮಾರ್ಕ್ 3 ರಿವಾಲ್ವರ್ ಸುಮಾರು 700. ತುಕ್ಕಿನ ಚಿಂತೆನೂ ಇಲ್ಲ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ರೆ ಸಾಕು.

ಹುಣಸೂರು_ರೋಡ್: "ಟ್ರಿಗರ್ ಇನ್ನೊಂದ್ಸಲ ಎಳೀರಿ" ಅಂತ ಬರೆಯೋದು ಸುಲಭ. ಡಬಲ್ ಆಕ್ಷನ್ ಟ್ರಿಗರ್ (ಒಂದೇ ಎಳೆತಕ್ಕೆ ಸುತ್ತಿಗೆ ಏರಿಸಿ ಹೊಡೆಯೋದು) ಎಷ್ಟು ಬಿಗಿ ಗೊತ್ತಾ? ನಾಲ್ಕೈದು ಕೆಜಿ ಎಳೆತ. ಗಾಬರೀಲಿ ಬೆರಳು ಅಷ್ಟನ್ನ ಎಳೆಯೋವಾಗ ಮೂತಿ ಕೆಳಕ್ಕೆ ಎಡಕ್ಕೆ ಹೋಗುತ್ತೆ. ಶಕ್ತಿ ನೋಡಿ: ಪಿಸ್ತೂಲಿನ .32 ಎಸಿಪಿ ತೋಟಾ ಸುಮಾರು 170 ಜೂಲ್, ರಿವಾಲ್ವರಿನ .32 ಲಾಂಗ್ ತೋಟಾ ಸುಮಾರು 150 ಅಷ್ಟೇ.

ಸಿಲಿಂಡರ್_6: ಜೂಲ್ ಮಾತ್ರ ಹೇಳಿ ಗುಂಡಿನ ತೂಕ ಯಾಕೆ ಬಿಟ್ರಿ? .32 ಲಾಂಗ್ 98 ಗ್ರೈನ್ (ಗುಂಡು ತೂಗೋ ಅಳತೆ), ಎಸಿಪಿ ಬರೀ 71. ಇನ್ನು ಎಸಿಪಿ ತೋಟಾಕ್ಕೆ ಹಿಂದೆ ಸಣ್ಣ ಅಂಚು ಇದೆ. ಮ್ಯಾಗಜಿನ್ (ಹಿಡಿಯೊಳಗಿನ ತೋಟಾ ಡಬ್ಬಿ) ತುಂಬೋವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದಕ್ಕೆ ಬಿದ್ದರೆ ಎರಡೂ ಸಿಕ್ಕಾಕೊಳ್ತವೆ. ಆಮೇಲೆ ಸ್ಲೈಡ್ ಎಷ್ಟು ಜಗ್ಗಿದ್ರೂ ಬಿಡಲ್ಲ, ಮ್ಯಾಗಜಿನ್ನೇ ತೆಗೀಬೇಕು.

ಗೋಕುಲಂ_3ನೇ_ಹಂತ: ಅದೆಲ್ಲ ಇರಲಿ, ಕೊಬ್ಬರಿ ಎಣ್ಣೆ ಅಂದ್ರಲ್ಲ! ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ. ಡಿಸೆಂಬರ್‌ನಲ್ಲಿ ಮೈಸೂರಲ್ಲಿ ಬಾಟಲಿ ಬಿಸಿಲಿಗಿಡದೆ ತಲೆಗೇ ಹಚ್ಚಕ್ಕಾಗಲ್ಲ, ಅದನ್ನ ಫೈರಿಂಗ್ ಪಿನ್ನಿಗೆ (ತೋಟಾದ ಹಿಂದೆ ಹೊಡೆಯೋ ಮೊಳೆ) ಬಿಡ್ತೀರಾ? ಪಿನ್ ನಿಧಾನವಾಗಿ ಹೊಡೆದ್ರೆ ಪ್ರೈಮರ್ (ತೋಟಾದ ಹಿಂದಿನ ಕಿಡಿ ಮದ್ದು) ಸಿಡಿಯಲ್ಲ. ಹೊಸಬರಿಗೆ ಇಂಥ ಸಲಹೆ ಕೊಡಬೇಡಿ.

ಸಿಲಿಂಡರ್_6: ಸೊಂಟದಲ್ಲಿರೋ ಗನ್ ಮೈಶಾಖಕ್ಕೆ ಬೆಚ್ಚಗಿರುತ್ತೆ. ಎಲ್ಲಿ ಗಟ್ಟಿಯಾಗುತ್ತೆ? ಅಲ್ಲದೆ ಕೊಬ್ಬರಿ ಎಣ್ಣೆ ಬೇಗ ಕಮಟಾಗಲ್ಲ.

ಗೋಕುಲಂ_3ನೇ_ಹಂತ: ರಾತ್ರಿಯೆಲ್ಲ ಬೀರುವಿನಲ್ಲಿರುತ್ತಲ್ಲ, ಆಗ? ಕಮಟಾಗದಿದ್ರೆ ಯಂತ್ರದೆಣ್ಣೆ ಆಗ್ಬಿಡುತ್ತಾ? ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು, ಒಣಬಟ್ಟೇಲಿ ಒರೆಸಿ ತೆಗೀಬೇಕು.

ಸಿಲಿಂಡರ್_6: ಒರೆಸಿ ತೆಗೆಯೋದಾದ್ರೆ ಹಾಕೋದ್ಯಾಕೆ?

ಗೋಕುಲಂ_3ನೇ_ಹಂತ: ತೆಳು ಪದರ ಉಳಿಯೋಕೆ! ಜಾಸ್ತಿಯಾದ ಎಣ್ಣೆ ಪ್ರೈಮರ್ ಅಂಚಿನಿಂದ ಒಳಗಿಳಿದು ತೋಟಾ ಸಾಯಿಸುತ್ತೆ. ನಿಮ್ಮ ಆ "ಠುಸ್" ಬರೋ ದಾರಿಗಳಲ್ಲಿ ಇದೂ ಒಂದು. ಟೈಟಾನಿಯಂ ಅಂತ ಮೈಮರೀಬೇಡಿ. ಸ್ಪ್ರಿಂಗು, ಪಿನ್ನು ಉಕ್ಕಿನವೇ, ಬೆವರಿಗೆ ತುಕ್ಕು ಹಿಡೀತವೆ.

ಕೆಆರ್‌ಎಸ್_ಕಾವಲು: ತೋಟಾ ಸಾಯಿಸೋದು ಎಣ್ಣೆ ಒಂದೇ ಅಲ್ಲ. ಚರ್ಮದ ಹೋಲ್‌ಸ್ಟರ್‌ನ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟ ಹಿತ್ತಾಳೆ ತೋಟಾ ನೋಡಿ: ಸುತ್ತ ಹಸಿರು ಕಿಲುಬು, ಮಳೆಗಾಲದಲ್ಲಂತೂ ಇನ್ನೂ ಬೇಗ. ಅದನ್ನ ಕೆರೆದು ಮತ್ತೆ ಸಿಲಿಂಡರಿಗೆ ತುರುಕಬಾರದು. ದಿನಾ ಜೊತೆಗಿಟ್ಟುಕೊಳ್ಳೋ ತೋಟಾ ಆಗಾಗ ಬದಲಾಯಿಸಿ, ಹಳೇದನ್ನ ರೇಂಜ್‌ನಲ್ಲಿ ಹಾರಿಸಿ. ಮತ್ತೆ, 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹ್ಯಾಂಡ್‌ಗನ್ ಹೋಲ್‌ಸ್ಟರ್‌ನಲ್ಲಿ, ಪೂರ್ತಿ ಮುಚ್ಚಿರಬೇಕು. ಪ್ಯಾಂಟಿಗೆ ಬರಿದೇ ಸಿಕ್ಕಿಸೋದು ಬೇಡವೇ ಬೇಡ, ಬೈಕ್ ಮೇಲಂತೂ.

ಹುಣಸೂರು_ರೋಡ್: ಹೋಲ್‌ಸ್ಟರ್ ಅಂದ್ರಲ್ಲ, ಅಲ್ಲೇ ಪಿಸ್ತೂಲ್ ಗೆಲ್ಲೋದು. ಚಪ್ಪಟೆ, ಅಂಗಿ ಕೆಳಗೆ ಕಾಣಲ್ಲ. ರಿವಾಲ್ವರಿನ ಸಿಲಿಂಡರ್ ಉಬ್ಬಿ ಕಾಣುತ್ತೆ.

ಪಾಂಡವಪುರದ ರೈತ: ಸ್ವಾಮಿ, ಎಣ್ಣೆ ಜಗಳ ಆಮೇಲೆ. ಬೆರಳಿಗೆ ಯಾವ ಟ್ರಿಗರ್ ಒಗ್ಗುತ್ತೆ ಅಂತ ಅಂಗಡೀಲಿ ಹೇಗೆ ತಿಳಿಯೋದು?

ಕೆಆರ್‌ಎಸ್_ಕಾವಲು: ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡ್ಕೊಳಿ. ಅಂಗಡಿಯವರನ್ನ ಕೇಳಿ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ, ಅವರು ತೋರಿಸಿದ ಗೋಡೆ ಕಡೆ ಮೂತಿ ಇಟ್ಟು ಹತ್ತು ಸಲ ಡಬಲ್ ಆಕ್ಷನ್ ಎಳೀರಿ. ಕೊನೇ ಎರಡರಲ್ಲಿ ಗುರಿ ನೋಡೋ ಮುಂದಿನ ಸೈಟ್ ಅಲ್ಲಾಡ್ತಿದ್ರೆ ಆ ರಿವಾಲ್ವರ್ ನಿಮಗಲ್ಲ. ಪಿಸ್ತೂಲಿನ ಸ್ಲೈಡೂ ಹತ್ತು ಸಲ ಎಳೆದು ನೋಡಿ.

ಸಿಲಿಂಡರ್_6: ಹತ್ತು ಸಲ ಯಾಕೆ, ಸಿಲಿಂಡರಲ್ಲಿರೋದು ಆರೇ ತೋಟಾ. ಕೊಬ್ಬರಿ ಎಣ್ಣೆ ಬಗ್ಗೆ ನನ್ನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.