ಅಪ್‌ಡೇಟ್: ನಾಲ್ಕು ಕ್ಯಾಮೆರಾ ಕ್ಯಾಲಿಬ್ರೇಶನ್ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಮಡಿಕೇರಿಯಲ್ಲಿ ನಮ್ಮ ಹುಡುಗರ ಹಾಕಿ ಹೊಡೆತವನ್ನು ನಾಲ್ಕು ಫೋನ್‌ಗಳಲ್ಲಿ ಹಿಡಿದು ತ್ರೀಡಿ ಮಾಡಿದರೆ ಮೊಣಕೈ ಒಂದು ಕಡೆ, ಸ್ಟಿಕ್ ಇನ್ನೊಂದು ಕಡೆ ಬರುತ್ತಿದೆ ಅಂತ. ಕ್ಯಾಲಿಬ್ರೇಶನ್ ಅಂದರೆ ಚೆಸ್‌ಬೋರ್ಡ್ ಪ್ರಿಂಟಿನ ಫೋಟೋಗಳಿಂದ ಪ್ರತಿ ಕ್ಯಾಮೆರಾದ ಲೆನ್ಸಿನ ಗುಣ, ಅದು ನಿಂತ ಜಾಗ ಲೆಕ್ಕ ಹಾಕುವುದು. ಅದರ ರಿಪ್ರೊಜೆಕ್ಷನ್ ಎರರ್, ಅಂದರೆ ಲೆಕ್ಕದ ಪ್ರಕಾರ ಬೋರ್ಡಿನ ಬಿಂದು ಬರಬೇಕಾದ ಜಾಗಕ್ಕೂ ಫೋಟೋದಲ್ಲಿ ಕಂಡ ಜಾಗಕ್ಕೂ ಇರುವ ಅಂತರ, 3 ಪಿಕ್ಸೆಲ್ ದಾಟಿತ್ತು. ಈಗ 0.4ಕ್ಕೆ ಇಳಿದಿದೆ.

"ಇನ್ನೂ ಜಾಸ್ತಿ ಫೋಟೋ ತೆಗೆಯಿರಿ" ಅಂತ ಕೆಲವರು ಅಂದಿದ್ದರು. 120 ಫ್ರೇಮ್ ತೆಗೆದೆ, ಏನೂ ಬದಲಾಗಲಿಲ್ಲ. ಫೋಕಸ್ ಲಾಕ್ ಮಾಡಿದ್ದರಿಂದ ಸ್ವಲ್ಪ ಉಪಯೋಗವಾಯಿತು. ನಿಜವಾಗಿ ಕೈಹಿಡಿದಿದ್ದು ಒಬ್ಬರು ಸುಮ್ನೆ ಒಂದೇ ಸಾಲಿನಲ್ಲಿ ಹೇಳಿದ್ದು: "ಬೋರ್ಡಿನ ಮೇಲೆ ಸ್ಕೇಲ್ ಇಟ್ಟು ನೋಡಿ." ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಕೆಳಗಿನಿಂದ ಬೆಳಕು ಕಾಣುತ್ತಿತ್ತು! ರಟ್ಟಿಗೆ ಅಂಟಿಸಿದ್ದ ಚೆಸ್‌ಬೋರ್ಡ್ ಪ್ರಿಂಟ್ ತೇವಕ್ಕೆ ಹಪ್ಪಳದ ಹಾಗೆ ಬಾಗಿತ್ತು. ಇಲ್ಲಿ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಗದ ನೆಟ್ಟಗಿರುತ್ತಾ? ಬೋರ್ಡ್ ಪೂರ್ತಿ ಸಮತಟ್ಟಾಗಿದೆ ಅಂತ ನಂಬಿಯೇ ಕ್ಯಾಲಿಬ್ರೇಶನ್ ಲೆಕ್ಕ ಶುರುವಾಗುತ್ತದೆ. ಹಾಗಾಗಿ ಕಾಗದದ ಬಾಗು ಲೆನ್ಸಿನ ತಲೆಗೆ ಬರುತ್ತಿತ್ತು, ಪಾಪ. ಮ್ಯಾಟ್ ಸ್ಟಿಕ್ಕರ್ ಮೇಲೆ ಪ್ರಿಂಟ್ ಹಾಕಿಸಿ, ಹಳೇ ಕಿಟಕಿ ಗಾಜಿಗೆ ಅಂಟಿಸಿದೆ. ಈ ಸಲ ಚಾರುಕೋ ಬೋರ್ಡ್, ಅಂದರೆ ಬಿಳಿ ಚೌಕಗಳೊಳಗೆ ಬೇರೆ ಬೇರೆ ಗುರುತುಗಳಿರುವ ಚೆಸ್‌ಬೋರ್ಡ್. ಅರ್ಧ ಕಂಡರೂ ಗುರುತು ಹಿಡಿಯುತ್ತದೆ, ಮೂಲೆಯ ಕ್ಯಾಮೆರಾಗಳಿಗೆ ಅದು ದೊಡ್ಡ ಉಪಕಾರ.

ನನಗೆ ಗೊತ್ತಿಲ್ಲದಿದ್ದ ಇನ್ನೊಂದು ವಿಷಯ ಇಮೇಜ್ ಸ್ಟೆಬಿಲೈಸೇಶನ್, ಅಂದರೆ ಕೈ ಅಲುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಫೋನಿನ ಸೌಲಭ್ಯ. ಅದು ಆನ್ ಇದ್ದರೆ ಫೋನ್ ಒಳಗೊಳಗೇ ಚಿತ್ರವನ್ನು ಸರಿಸುತ್ತಿರುತ್ತದೆ, ಎಷ್ಟು ಕ್ಯಾಲಿಬ್ರೇಟ್ ಮಾಡಿದರೂ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಟ್ರೈಪಾಡ್ ಇದೆ ತಾನೇ, ಆಫ್ ಮಾಡಿಬಿಡಿ.

ಚೆಂಡು ಮಾತ್ರ ಇನ್ನೂ ಎರಡೆರಡು ಕಾಣುತ್ತಿದೆ. ನಾಲ್ಕು ಫೋನ್‌ಗಳ ಶಟರ್ ಒಂದೇ ಕ್ಷಣಕ್ಕೆ ತೆರೆಯುವುದಿಲ್ಲ ಅಲ್ವಾ, ಚಪ್ಪಾಳೆ ಹೊಡೆದು ನಾಲ್ಕೂ ವಿಡಿಯೋಗಳ ಸಮಯ ಹೊಂದಿಸಿದ್ದು (ಸಿಂಕ್) ಚೆಂಡಿನ ವೇಗಕ್ಕೆ ಸಾಲುತ್ತಿಲ್ಲ.