ಊರು ಬಿಟ್ಟವರೆಲ್ಲ ಸೇರಿ ಫೋನಿನಲ್ಲೇ ಒಂದು ಪದ ಕಟ್ಟೋದು ಹೇಗೆ?

ನಮ್ಮದು ಕಲಬುರಗಿ ಹತ್ತಿರದ ಹಳ್ಳಿ. ಅಮಾಸೆಗೊಮ್ಮೆ ಗುಡಿಯಲ್ಲಿ ತತ್ವಪದ ಹಾಡುವ ಏಳು ಜನರ ಮೇಳ. ಈಗ ಊರಲ್ಲಿ ಉಳಿದವರು ಮೂವರೇ. ಇಬ್ಬರು ಪುಣೆಯಲ್ಲಿ, ಒಬ್ಬ ಹೈದರಾಬಾದಿನಲ್ಲಿ, ನಾನು ಬೆಂಗಳೂರಿನಲ್ಲಿ. ಎಲ್ಲ ಸೇರಿ ಒಂದು ಹೊಸ ಪದ ಕಟ್ಟಬೇಕು ಅಂತ ಆಸೆ. ವಿಡಿಯೊ ಕಾಲ್‌ನಲ್ಲಿ ಹಾಡಿ ನೋಡಿದೆವು. ತಾಳ ಒಂದು ಕಡೆ, ದನಿ ಒಂದು ಕಡೆ. ಮೇಳದ ಹಿರಿಯರು "ಇದು ಭಜನಿ ಅಲ್ಲೋ, ಸಂತಿ" ಅಂತ ಫೋನ್ ಇಟ್ಟುಬಿಟ್ಟರು. ದೂರದಲ್ಲಿದ್ದುಕೊಂಡೇ ಏನಾದರೂ ಒಟ್ಟಿಗೆ ಮಾಡಿದವರು ಇದ್ದರೆ ಹೇಳಿ. ಎಐ ಬಳಸಿದರೆ ತಪ್ಪಾ?

ಕಲಬುರಗಿಯಿಂದ, ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು

ಹಿರಿಯರು ಹೇಳಿದ್ದು ಸರಿ. ತಪ್ಪು ನಿಮ್ಮದಲ್ಲ, ಕಾಲ್‌ನದ್ದು. ಮಾತಾಡುವಾಗ ದನಿ 150 ಮಿಲಿಸೆಕೆಂಡ್ ತಡವಾಗಿ ಬಂದರೂ ನಮಗೆ ಗೊತ್ತಾಗಲ್ಲ. ತಾಳಕ್ಕೆ ಹಾಗಲ್ಲ, ಸುಮಾರು 30 ದಾಟಿದರೆ ಕೈ ತಪ್ಪುತ್ತದೆ. ಗಾಳಿಯಲ್ಲಿ ದನಿ 30 ಮಿಲಿಸೆಕೆಂಡಿನಲ್ಲಿ ಹತ್ತು ಮೀಟರ್ ಹೋಗುತ್ತದೆ. ಗುಡಿಯಲ್ಲಿ ಹತ್ತು ಮೀಟರ್ ದೂರ ಕೂತು ಯಾರಾದರೂ ದಮ್ಮಡಿ ಬಾರಿಸುತ್ತಾರಾ? ಪಕ್ಕದಲ್ಲೇ ಕೂರುತ್ತಾರೆ ಅಲ್ವಾ. ಇನ್ನೊಂದು ತೊಂದರೆ, ಕಾಲ್ ಮಾಡುವ ಆಪ್‌ಗಳು ಏಕತಾರಿಯ ಒಂದೇ ಸಮನೆ ನಾದವನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡುತ್ತವೆ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಅನ್ನೋ ಆಯ್ಕೆ ಇರೋದು ಇದಕ್ಕೇ. ಆದರೂ ಒಟ್ಟಿಗೆ ಹಾಡುವ ಆಸೆ ಬಿಡಿ. ಸರದಿ ಮೇಲೆ ಹಾಡಿ.

ನಾವು ಮಾಡಿದ್ದು ಹೀಗೆ. ಮೊದಲು ಹಾರ್ಮೋನಿಯಂ, ತಾಳ ಎರಡೇ ರೆಕಾರ್ಡ್ ಮಾಡಿದೆವು. ಶುರುವಿಗೆ ನಾಲ್ಕು ಚಪ್ಪಾಳೆ. ಅದನ್ನು ಎಲ್ಲರಿಗೂ ಕಳಿಸಿದೆವು. ಒಬ್ಬೊಬ್ಬರೂ ಅದನ್ನು ಕಿವಿಯಲ್ಲಿ ಕೇಳುತ್ತಾ, ಅದೇ ಚಪ್ಪಾಳೆ ಹೊಡೆದು, ಬೇರೆ ಫೋನಿನಲ್ಲಿ ತಮ್ಮ ಭಾಗ ಹಾಡಿ ಕಳಿಸಬೇಕು. ಚಪ್ಪಾಳೆಗೆ ಚಪ್ಪಾಳೆ ಜೋಡಿಸಿದರೆ ಎಲ್ಲ ಒಂದಕ್ಕೊಂದು ಕೂಡುತ್ತವೆ. ಜೋಡಿಸೋದಕ್ಕೆ ಬ್ಯಾಂಡ್‌ಲ್ಯಾಬ್ ಅನ್ನೋ ಆಪ್ ಫೋನಿನಲ್ಲೇ ನಡೆಯುತ್ತದೆ, ಕಂಪ್ಯೂಟರ್ ಇದ್ದರೆ ಆಡಾಸಿಟಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಇಯರ್‌ಫೋನ್ ವೈರ್ ಇರುವುದೇ ಇರಲಿ, ಬ್ಲೂಟೂತ್ ತಾನೇ ತಡ ಮಾಡುತ್ತದೆ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಬೇಡಿ, ದನಿ ಹಿಂಡಿಹೋಗುತ್ತದೆ. ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಮೈಕಿಗಿಂತ ಕೋಣೆ ಮುಖ್ಯ. ಗೋಡೆಗೆ ಎರಡು ಕೌದಿ ಇಳಿಬಿಟ್ಟರೆ ಸಾಕು. ಫ್ಯಾನ್ ಮಾತ್ರ ಆರಿಸಲೇಬೇಕು. ಮೇ ತಿಂಗಳಲ್ಲಿ ನಮ್ಮೂರಲ್ಲಿ ಫ್ಯಾನ್ ಆರಿಸಿ, ಕೌದಿ ನಡುವೆ ಕೂತು ಹಾಡಿದವನಿಗೆ ವೈರಾಗ್ಯದ ಪದ ತಾನಾಗೇ ಬರುತ್ತದೆ.

ಬೀದರಿನಿಂದ, ಬಿದ್ರಿ ಕೆಲಸದ ಮನೆಯವರು

ಹಾಡು ನನಗೆ ಬರಲ್ಲ. ಆದರೆ ನಿಮ್ಮ ಹಿರಿಯರ ಸಿಟ್ಟು ಅರ್ಥವಾಯಿತು. ನಮ್ಮ ಮಗಳು ಟ್ಯಾಬ್‌ನಲ್ಲಿ ಚಿತ್ತಾರ ಬರೆಯುತ್ತಾಳೆ. ಒಮ್ಮೆ ಡಬ್ಬಿ ಮುಚ್ಚಳಕ್ಕೆ ಒಂದು ಬಳ್ಳಿ ಬರೆದಳು. ಬೆರಳಿನಿಂದ ಹಿಗ್ಗಿಸಿ ನೋಡಿದರೆ ಎಲೆಯ ನರಗಳೂ ಕಾಣುತ್ತಿದ್ದವು. ಮುಚ್ಚಳ ಇದ್ದದ್ದು ಎರಡೇ ಇಂಚು! ಸತು ತಾಮ್ರದ ಎರಕಕ್ಕೆ ಮೈಲುತುತ್ತ ಬಳಿದು ಸದ್ಯಕ್ಕೆ ಕಪ್ಪು ಮಾಡಿ, ಉಳಿಯಿಂದ ಗೆರೆ ತೋಡಿ, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ತಂತಿಗಿಂತ ಸಣ್ಣ ಗೆರೆಯಲ್ಲಿ ಬೆಳ್ಳಿ ಎಲ್ಲಿ ಕೂರಬೇಕು? ಅವಳ ತಾತ ಉಳಿ ಕೆಳಗಿಟ್ಟು ಎದ್ದು ಹೋದರು. ಎರಡು ದಿನ ಮಾತಿಲ್ಲ.

ಈಗ ಚಿತ್ತಾರವನ್ನು ಇದ್ದ ಅಳತೆಯಲ್ಲೇ ಪ್ರಿಂಟ್ ತೆಗೆದು ತಾತನ ಮುಂದೆ ಇಡುತ್ತಾಳೆ. ಅವರು ಪೆನ್ಸಿಲ್‌ನಿಂದ ಅರ್ಧ ಗೆರೆ ಹೊಡೆದು ಹಾಕುತ್ತಾರೆ. ಹೊಡೆದು ಹಾಕಿದ ಮೇಲೇ ಚೆನ್ನಾಗಿ ಕಾಣುತ್ತದೆ, ಅದನ್ನು ಅವಳೂ ಒಪ್ಪುತ್ತಾಳೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿ ತೆಗೆದಾಗ, ಬೆಳ್ಳಿ ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪಾಗುತ್ತದಲ್ಲ, ಆ ಕಪ್ಪು ಯಾವ ಟ್ಯಾಬ್‌ನಲ್ಲೂ ಬರಲ್ಲ. ನಿಮ್ಮ ಪದವನ್ನೂ ಮೊದಲು ಹಿರಿಯರ ಬಾಯಿಗೆ ಕೊಡಿ. ಅವರ ಉಸಿರಿಗೆ ಹೊಂದದ ಸಾಲು ತಾನೇ ಉದುರುತ್ತದೆ.

ಯಾದಗಿರಿಯಿಂದ, ಕನ್ನಡ ಮೇಷ್ಟ್ರು

ಸಾಹಿತ್ಯವನ್ನು ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ. ಯಾರು ಯಾವ ಸಾಲು ಯಾವಾಗ ತಿದ್ದಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಾವು ಒಂದಿಷ್ಟು ಪದಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆವು. ಫೋನಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ. ಪರಿವರ್ತಕದಲ್ಲಿ ಹಾಕಿ ತೆಗೆದೆವು, ಆದರೂ ಒತ್ತಕ್ಷರ ಕೈಯಿಂದಲೇ ತಿದ್ದಬೇಕಾಯಿತು.

ಎಐ ತಪ್ಪೇನಲ್ಲ, ಆದರೆ ನಮ್ಮ ಮಾತು ಅದಕ್ಕೆ ಒಗ್ಗಲಿಲ್ಲ. "ಹಾಡ್ಲಕತ್ತಾನ" ಅಂತ ಕೊಟ್ಟರೆ "ಹಾಡುತ್ತಿದ್ದಾನೆ" ಅಂತ ತಿದ್ದಿ ಕೊಟ್ಟಿತು. ಪ್ರಾಸ ಸತ್ತೇಹೋಯಿತು. ಪದದಲ್ಲಿ ಬರುವ ಬಯಲು ಅಂದರೆ ಏನು ಅಂತ ಕೇಳಿದೆ. ಶೂನ್ಯ ಅನ್ನೋ ಬದಲು ಮೈದಾನ ಅಂದಿತು! ಇಷ್ಟು ಧೈರ್ಯ ನನ್ನ ವಿದ್ಯಾರ್ಥಿಗಳಿಗೂ ಇಲ್ಲ. ಪ್ರಾಸದ ಪದಗಳ ಪಟ್ಟಿ ಬೇಕಾದರೆ ಕೇಳಿ, ಹತ್ತರಲ್ಲಿ ಎರಡು ಉಪಯೋಗಕ್ಕೆ ಬರುತ್ತವೆ.

ಒಂದು ವಿಷಯ ಮಾತ್ರ ಮೊದಲೇ ಮಾತಾಡಿಕೊಳ್ಳಿ. ತತ್ವಪದದ ಕೊನೆಗೆ ಅಂಕಿತ, ಅಂದರೆ ಕಟ್ಟಿದವರ ಗುರುತಿನ ಹೆಸರು, ಬೇಕಲ್ಲ. ಏಳು ಜನ ಕಟ್ಟಿದ ಪದಕ್ಕೆ ಯಾರ ಅಂಕಿತ? ಇಷ್ಟು ದಿನ ಒಬ್ಬೊಬ್ಬ ಗಾಯಕ ಒಂದೊಂದು ಥರ ಹಾಡಿದರೂ ನಡೆಯುತ್ತಿತ್ತು. ಯೂಟ್ಯೂಬ್‌ಗೆ ಹಾಕಿದ ಮೇಲೆ ಅಲ್ಲಿ ಇರುವುದೇ ಸರಿ, ಬೇರೆಯವರದು ತಪ್ಪು ಅನ್ನುವ ಜನ ಬರುತ್ತಾರೆ. ಅದಕ್ಕೇ ನಾವು ಎರಡು ಊರಲ್ಲಿ ಹಾಡುವ ರೀತಿ ಎರಡನ್ನೂ ಹಾಕಿದೆವು.

ಇನ್ನೊಬ್ಬರು

ಪುಣೆಯಿಂದ ಸೊಲ್ಲಾಪುರ ದಾಟಿದರೆ ಕಲಬುರಗಿ. ಒಂದು ಅಮಾಸೆಗೆ ರೈಲು ಹತ್ತಿ ಬರ್ರಿ, ಅಷ್ಟೇ.

ಕೇಳಿದವರು, ಮೂರು ವಾರದ ಮೇಲೆ

ರೈಲಿನ ಮಾತು ನಾಟಿತು, ಆದರೆ ನಮ್ಮಲ್ಲಿ ಇಬ್ಬರಿಗೆ ರಜೆ ಇಲ್ಲ. ಚಪ್ಪಾಳೆ ಲೆಕ್ಕ ಕೆಲಸ ಮಾಡಿತು. ಮೊದಲ ಸಲ ಹೈದರಾಬಾದಿನವನು ಬ್ಲೂಟೂತ್ ಹಾಕಿಕೊಂಡು ಹಾಡಿ ಕೆಡಿಸಿದ, ಎರಡನೇ ಸಲ ಕೂಡಿತು. ಹಿರಿಯರಿಗೆ ಸಾಹಿತ್ಯ ಓದಿ ಹೇಳಿದೆ. ನಾನು ಬರೆದ ನಾಲ್ಕು ಚರಣದಲ್ಲಿ ಒಂದನ್ನು ಪೂರ್ತಿ ತೆಗೆಸಿದರು. ಅದರಲ್ಲಿ ಎಐ ಕೊಟ್ಟ ಒಂದು ಸಾಲಿತ್ತು, ಅವರಿಗೆ ನಾನು ಹೇಳಿರಲಿಲ್ಲ. ಪುಣೆಯವರ ದಮ್ಮಡಿ ಹಿಂದೆ ಒಂದು ಕುಕ್ಕರ್ ಸೀಟಿ ಕೇಳಿಸುತ್ತದೆ. ಅಳಿಸುತ್ತೇನೆ ಅಂದರೆ ಹಿರಿಯರು "ತಾಳಕ್ಕ ಕೂಡೇದ, ಇರ್ಲಿ ಬಿಡು" ಅಂದರು. ಅಂಕಿತದ ಜಗಳ ಇನ್ನೂ ನಡೆದಿದೆ.